ಲೇಬಲ್ ಇಲ್ಲದ ಡಬ್ಬ

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಾಲ್ ಸೆಂಟರಿಗೆ ಅಮೆರಿಕದ ಬಂದೂಕು ಸಾಮಾನಿನ ಅಂಗಡಿಯೊಂದರ ಗಿರಾಕಿಗಳು ಫೋನ್ ಮಾಡ್ತಾರೆ. ಅಲ್ಲಿ ಕೆಲವರು ಕೋಟಿಂಗ್ ಮಾಡಿದ ಸೀಸದ ಗುಂಡು ತರಿಸಿ, ಮದ್ದು ತುಂಬಿ, ಮ್ಯಾಗ್ನಮ್ ಅನ್ನೋ ಭಾರಿ ರಿವಾಲ್ವರಿಗೆ ಬೇಕಾದ ತೋಟಾಗಳನ್ನ ಮನೆಯಲ್ಲೇ ಮಾಡ್ಕೋತಾರೆ, ನಮ್ಮಮ್ಮ ಸಾರಿನ ಪುಡಿ ಮಾಡಿಟ್ಕೊಳ್ಳೋ ಹಾಗೆ. ಮದ್ದು ತಪ್ಪಿದ್ರೆ ರಿವಾಲ್ವರೇ ಕೈಯಲ್ಲಿ ಸಿಡಿಯುತ್ತೆ, ಅದಕ್ಕೇ ಯಾವ ಮದ್ದು ಹಾಕ್ಲಿ ಅಂತ ಕೇಳಿದ್ರೆ ನಾವು ಹೇಳೋ ಹಾಗಿಲ್ಲ. "ಕೈಪಿಡಿ ನೋಡಿ" ಅನ್ಬೇಕು, ಅಷ್ಟೇ ರೂಲ್ಸು.

ಒಂದಿನ ಅಲ್ಲಿಂದ ಅಜ್ಜಿಯೊಬ್ಬರು ಫೋನ್ ಮಾಡಿದ್ರು. ಯಜಮಾನರು ತೀರ್ಕೊಂಡಿದ್ದಾರಂತೆ. ಅವರ ಗುಂಡುಗಳಿವೆ, ಮದ್ದಿನ ಡಬ್ಬಕ್ಕೆ ಮಾತ್ರ ಲೇಬಲ್ ಇಲ್ಲ.

"ಬಣ್ಣ ಅವರು ಹಾಕ್ತಿದ್ದ ಮದ್ದಿನ ಥರಾನೇ ಇದೆಯಮ್ಮ. ಕಣ್ಣಳತೆಯಲ್ಲಿ ಆರು ತೋಟಾ ತುಂಬಿದ್ದೀನಿ. ಈಗ ಹಿತ್ತಲಿಗೆ ಹೋಗಿ ಹೊಡೆದು ನೋಡ್ಲಾ?"

ರೂಲ್ಸು, ಇಂಗ್ಲಿಷು ಎಲ್ಲ ಮರೆತು, "ಅಜ್ಜೀ, ಮೊದ್ಲು ಅದನ್ನ ಕೆಳಗಿಡಿ!" ಅಂತ ಕನ್ನಡದಲ್ಲೇ ಕಿರುಚಿಬಿಟ್ಟೆ. ಇಡೀ ಫ್ಲೋರು ತಿರುಗಿ ನೋಡ್ತು. ಆ ಕಡೆ ಮೇಜಿನ ಮೇಲೆ ಏನೋ ಭಾರವಾದದ್ದು ಇಟ್ಟ ಸದ್ದಾಯ್ತು.

"ಇಟ್ಟೆ ಕಣಮ್ಮ," ಅಂದ್ರು ಇಂಗ್ಲಿಷಿನಲ್ಲಿ. ನನ್ನ ಕನ್ನಡ ತಿಳೀದಿದ್ರೂ ಕಿರುಚಿದ್ದು ತಿಳಿದಿತ್ತು.

ಟೀಮ್ ಲೀಡರ್ ಹತ್ರ ಬೈಸ್ಕೊಂಡು ಮನೆಗೆ ಬಂದವಳೇ ಅಡುಗೆಮನೆಯ ಪುಡಿ ಡಬ್ಬಗಳಿಗೆಲ್ಲ ಹೆಸರು ಬರೆದು ಅಂಟಿಸಿದೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದ್ಲು.

"ಯಾಕೇ, ನಾನೇನು ಇವತ್ತೇ ಹೋಗ್ಬಿಡ್ತೀನಾ?"