ಪೆಟ್ರೋಲ್ ಡ್ರಮ್ಮಿಗೆ ಮಂಗಳಾರತಿ

ಕೇಳ್ರಪ್ಪಾ, ಇವತ್ತು ಅರಸೀಕೆರೆ ಸ್ಟೇಷನ್ ಪಕ್ಕದ ನಮ್ಮ ಎಣ್ಣೆ ಡಿಪೋದಲ್ಲಿ ಪೂಜೆ. ಹೋದ ವಾರ ಬೇಲೂರಿಗೆ ಹೋಗೋ ಮೋಟಾರು ಬಸ್ಸಿಗೆ ಪೆಟ್ರೋಲ್ ಬಗ್ಗಿಸುವಾಗ ಯಾರದೋ ಬೀಡಿ ಕಿಡಿ ಹಾರಿ ಕೂಲಿ ರಂಗನ ಎರಡೂ ಕೈ ಬೆಂದುಹೋಗಿದ್ದವು. ಇನ್ನು ಹಾಗಾಗಬಾರದು ಅಂತ ಮೇಸ್ತ್ರಿ ಡ್ರಮ್ಮುಗಳಿಗೆ ಕುಂಕುಮ ಇಟ್ಟು, ಅವುಗಳ ಎದುರಿಗೇ ತಟ್ಟೆಯಲ್ಲಿ ಕರ್ಪೂರ ಹಚ್ಚಿದ!

"ಏನ್ಲಾ, ತಲೆ ಕೆಟ್ಟೈತಾ ನಿಂಗೆ?" ಅಂತ ಕೂಗಿ, ಬೆಂಕಿ ಆರಿಸೋಕೆ ಇಟ್ಟಿದ್ದ ಬಕೆಟ್ಟಿನ ಮರಳನ್ನ ತಟ್ಟೆ ಮೇಲೆ ಸುರಿದೆ.

ಎಲ್ಲರೂ ನನ್ನ ಮೇಲೇ ಹರಿಹಾಯ್ದರು. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ರಂಗನೇ ಅಳುತ್ತಾ ಅಂದ, "ಮಂಗಳಾರತಿ ಆರಿಸ್ಬಿಟ್ರಲ್ಲ ದೊಡ್ಡಯ್ಯಾ, ಇನ್ನು ನಮ್ಮನ್ನ ಯಾರು ಕಾಯ್ತಾರೆ?"

ಮೇಸ್ತ್ರಿ ಮರಳಿನ ಬಕೆಟ್ಟನ್ನ ಆಫೀಸಿನೊಳಗಿಟ್ಟು, ನನ್ನ ಕೈಗೆ ಸಿಗದ ಹಾಗೆ ಬೀಗ ಜಡಿದು, ಹೊಸ ಕರ್ಪೂರ ಹಚ್ಚಿದ. ನಮ್ಮ ಡಿಪೋದಲ್ಲಿ ಇವತ್ತು ತಗೊಂಡ ಎಚ್ಚರಿಕೆ ಇದೊಂದೇ.