ನಮ್ಮ ಜಗಲಿಯ ಹೆಂಡದಂಗಡಿ

ಯಲಿಯೂರಿನಲ್ಲಿ ನಾನು ಅಣಕಿಸದೆ ಬಿಟ್ಟವರು ಇಬ್ಬರೇ. ಒಂದು ಊರ ದೇವರು, ಅದು ಮಾತಾಡುತ್ತಿರಲಿಲ್ಲ. ಇನ್ನೊಬ್ಬಳು ನಮ್ಮವ್ವ, ಅವಳೂ ಹೆಚ್ಚು ಮಾತಾಡುತ್ತಿರಲಿಲ್ಲ. ಉಳಿದವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಸ್ಟೇಷನ್ ಮಾಸ್ತರು ಹಸಿರು ಬಾವುಟ ಬೀಸುವ ಮುಂಚೆ ಕೆಮ್ಮುವ ಕೆಮ್ಮು, ಮೇಷ್ಟ್ರು ಮೂಗಿನಲ್ಲೇ ಹೇಳಿ ಮುಗಿಸುತ್ತಿದ್ದ ಹನ್ನೆರಡರ ಮಗ್ಗಿ, ಎಲ್ಲವೂ ನನ್ನ ಹತ್ತಿರ ಸಿಗುತ್ತಿದ್ದವು. ನನ್ನನ್ನೂ ನಾನು ಬಿಟ್ಟವನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ ಮಂಡ್ಯದ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿತು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ದಿವಾನರ ಹಾಗೆ ನಡೆಯುತ್ತಿದ್ದ ಆ ಕಡ್ಡಿ ಪೈಲ್ವಾನನನ್ನು ಊರವರಿಗೆ ಮೊದಲು ಮಾಡಿ ತೋರಿಸಿದವನು ನಾನೇ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅಪ್ಪನ ಪಾತ್ರ. ಅಪ್ಪ ಹಗಲೆಲ್ಲ ಗದ್ದೆಯಲ್ಲಿ ಎತ್ತಿನಂತೆ ದುಡಿದು, ದೀಪ ಹಚ್ಚುವ ಹೊತ್ತಿಗೆ ಹೆಗಲಿಗೆ ಟವೆಲ್ ಹಾಕಿಕೊಂಡು ಹೆಂಡದಂಗಡಿಗೆ ಹೊರಡುತ್ತಿದ್ದ. ಅವನು ಹಿಂದಿರುಗುವುದನ್ನು ನಾನು ಸ್ನೇಹಿತರ ಮುಂದೆ ಮಾಡುತ್ತಿದ್ದೆ: ಬಲಗಾಲು ಹೊಸಿಲನ್ನು ಹುಡುಕುವುದು, ಎಡಗಾಲು ಅದಕ್ಕೆ ಬುದ್ಧಿ ಹೇಳುವುದು, ಆಮೇಲೆ "ಏ ಇವ್ಳೇ! ಒಳಗೇ ಸತ್ತೋದ್ಯಾ?" ಅನ್ನುವ ಕೂಗು. ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲಿಗೆ ನಿಲ್ಲಿಸುತ್ತಿದ್ದೆ. ಅದರ ಮುಂದಿನದನ್ನು, ತಟ್ಟೆ ಹಾರುವುದನ್ನು, ಅವ್ವ ಗೋಡೆಗೆ ಒರಗುವುದನ್ನು, ನಾನು ಯಾರಿಗೂ ಮಾಡಿ ತೋರಿಸಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ. ಒಂದು ಚಳಿಗಾಲ ಅಪ್ಪನ ಪಾದಗಳು ಊದಿಕೊಂಡವು, ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತು. ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಹೊಟ್ಟೆಯನ್ನು ಕಲ್ಲಂಗಡಿ ಹಣ್ಣಿನ ಹಾಗೆ ತಟ್ಟಿ ನೋಡಿದರು.

"ಗೌಡ್ರೆ, ನಿಮ್ಮ ಲಿವರ್ರು ನಾಯಿ ಕಚ್ಚಿದ ಚಪ್ಪಲಿ ಆಗಿದೆ. ಇನ್ನು ಕುಡಿದ್ರೆ ಈ ವರ್ಷದ ಕಬ್ಬು ಕಡಿಯೋಕೆ ನೀವಿರೋದಿಲ್ಲ."

ರೈಲು ಹತ್ತಿದ ಮೇಲೆ ಅಪ್ಪ ಹೇಳಿದ: "ಅವ್ನ ಬಾಯ್ತುಂಬ ಎಲೆಅಡ್ಕೆ ಇತ್ತು, ನೋಡ್ದಾ? ಮೊದ್ಲು ಅದುನ್ನ ಬುಡಕ್ಕೇಳ್ಲಾ."

ಆದರೂ ಹೆದರಿದ್ದ. ಎರಡು ದಿನ ಮನೆಯಲ್ಲೇ ಕೂತ. ಆದರೆ ದೀಪ ಹಚ್ಚುವ ಹೊತ್ತಿಗೆ ಅವನ ಕಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಟವೆಲ್ ತೆಗೆದುಕೊಳ್ಳುತ್ತಿದ್ದ, ಮತ್ತೆ ಗೂಟಕ್ಕೆ ಹಾಕುತ್ತಿದ್ದ. ಇದನ್ನು ನೋಡಿ ನಾನು ದೊಡ್ಡದೊಂದು ಸತ್ಯ ಕಂಡುಹಿಡಿದೆ ಅಂದುಕೊಂಡೆ. ಅಪ್ಪನಿಗೆ ಬೇಕಾಗಿರುವುದು ಹೆಂಡವಲ್ಲ; ಆ ಹೊತ್ತು, ಆ ಬೆಂಚು, ಆ ನಾಲ್ಕು ಜನರ ಮಾತು. ಮಾತು ನನ್ನ ಹತ್ತಿರ ಬೇಕಾದಷ್ಟಿದೆ. ಅಂಗಡಿಯನ್ನೇ ಜಗಲಿಗೆ ತಂದರಾಯಿತು. ಹೆಂಡ ಕುಡಿಯುವ ಮೊಂತೆಗೆ ಏನು ಸುರಿಯುವುದು ಅನ್ನುವುದೊಂದೇ ಪ್ರಶ್ನೆ.

ಅದಕ್ಕೆ ಉತ್ತರ ಮದ್ದೂರಿನಲ್ಲಿ ಸಿಕ್ಕಿತು. ಅಲ್ಲಿ ಸ್ಟೇಷನ್ ಹತ್ತಿರ ಹಣ್ಣು ಮಾರುತ್ತಿದ್ದ ವಯಸ್ಸಾದ ಸಾಬರೊಬ್ಬರು ಹಿಂದೆ ಬೆಂಗಳೂರಿನ ದಂಡಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯ ಬಟ್ಲರ್ ಆಗಿದ್ದವರು. ಕಾರ್ಖಾನೆಯ ಕೆಲಸದ ಮೇಲೆ ಆ ಕಡೆ ಹೋದಾಗಲೆಲ್ಲ ನಾನು ಅವರ ಮುಂದೆಯೇ ಅವರನ್ನು ಅಣಕಿಸುತ್ತಿದ್ದೆ. ಅವರು ಬೇಜಾರು ಮಾಡಿಕೊಂಡವರಲ್ಲ.

"ನನ್ನ ಆವಾಜ್ ಚೆನ್ನಾಗಿ ಮಾಡ್ತೀಯ ಬೇಟಾ. ಆದ್ರೆ ಕೈ ನೋಡ್ಲೇ ಇಲ್ಲ ನೀನು. ಹಣ್ಣಿನ ಕೆಲಸ ಇರೋದು ಕೈಯಲ್ಲಿ."

ಅವತ್ತು ಕೈ ನೋಡಿದೆ. ಮೊದಲು ಪರಂಗಿ ಹಣ್ಣು, ಬೆರಳ ತುದಿಯಷ್ಟು ತುಂಡು. ಆಮೇಲೆ ಸೀಬೆ, ಬೀಜ ತೆಗೆದು. ಕಿತ್ತಳೆಯ ತೊಳೆ ಬಿಡಿಸಿ, ಮೇಲಿನ ಬಿಳಿ ಪೊರೆಯನ್ನೂ ಸುಲಿಯಬೇಕು. ಅದನ್ನು ಬಿಟ್ಟರೆ ಎಲ್ಲವೂ ಕಹಿ. ಬಾಳೆಹಣ್ಣು ಕೊನೆಗೆ, ಹೆಚ್ಚಿದ ತಕ್ಷಣ ನಿಂಬೆಹಣ್ಣು ಹಿಂಡಬೇಕು, ತಡವಾದರೆ ಕಪ್ಪಾಗುತ್ತದೆ. ಎಲ್ಲ ಮುಳುಗುವಷ್ಟು ಎಳನೀರು, ಜಜ್ಜಿದ ಶುಂಠಿ, ಒಂದು ಚಿಟಿಕೆ ಉಪ್ಪು, ಮೆಣಸಿನ ಪುಡಿ. ಅರ್ಧ ಗಂಟೆ ಒದ್ದೆ ಬಟ್ಟೆ ಸುತ್ತಿ ಇಟ್ಟರೆ ಹಣ್ಣುಗಳೆಲ್ಲ ತಮ್ಮ ರಸವನ್ನು ಬಿಟ್ಟುಕೊಡುತ್ತವೆ.

"ಬಂಗ್ಲೇಲಿ ಇದಕ್ಕೆ ಕಾಕ್ಟೇಲ್ ಅಂತಿದ್ರು" ಅಂದರು ಸಾಬರು. "ಅವ್ರು ಮೇಲಿಂದ ಸೀಸೇದು ಒಂದಿಷ್ಟು ಸುರಿಯೋರು. ನಿನಗೆ ಅದು ಬೇಡ. ಹಣ್ಣು ಸಾಕು."

ಊರಿಗೆ ಬಂದು ಜಗಲಿಯ ಮೇಲೆ ಕೂತು ಹೆಚ್ಚಿದೆ. ಸಕ್ಕರೆ ರೇಷನ್ನು, ಊರೂರಿನ ಕಬ್ಬು ನುಂಗುವ ಕಾರ್ಖಾನೆಯಲ್ಲಿ ಕೆಲಸ ಮಾಡುವವನ ಮನೆಯಲ್ಲೇ ಒಂದು ಹಿಡಿ ಸಕ್ಕರೆ ಇಲ್ಲ. ಅದಕ್ಕೇ ಬೆಲ್ಲದ ಪಾಕ ಅವ್ವನ ಪಾಲಿಗೆ ಬಂತು. ನಾನು ಹಣ್ಣು ಹೆಚ್ಚಿ ಒಳಗೆ ಕಳಿಸಿದರೆ ಅವಳು ಪಾಕ ಬೆರೆಸಿ, ಅಪ್ಪನ ಪಾಲನ್ನು ಅವನ ಹಿತ್ತಾಳೆ ಚೊಂಬಿಗೆ ತುಂಬಿ ತರುವಳು. ಉಳಿದದ್ದು ನನಗೆ ಒಂದು ಲೋಟ. ಅಪ್ಪನ ಚೊಂಬನ್ನು ಮನೆಯಲ್ಲಿ ಬೇರೆ ಯಾರೂ ಬಾಯಿಗೆ ಮುಟ್ಟಿಸುತ್ತಿರಲಿಲ್ಲ. ನಾನು ಹುಟ್ಟುವ ಮುಂಚಿನಿಂದಲೂ ಅದು ಹಾಗೇ.

ಆಮೇಲೆ ಆಟ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದರೆ ನಾನು ಅಂಗಡಿಯವನು: "ಇದೇ ಕೊನೇದು ಕಣಣ್ಣೋ, ಇನ್ ಕೊಡಲ್ಲ", ಹಾಗನ್ನುತ್ತಲೇ ಇನ್ನೊಂದು ಮೊಂತೆ. ಟವೆಲನ್ನು ತಲೆಗೆ ಸುತ್ತಿದರೆ ಅಪ್ಪನ ಬೆಂಚಿನ ಗೆಳೆಯ, ಎತ್ತು ಸತ್ತವನು. ಎಂಟು ವರ್ಷದ ಹಿಂದೆ ಸತ್ತ ಎತ್ತಿಗೆ ಮೂರನೇ ಮೊಂತೆಯಲ್ಲಿ ಅಳು ಶುರು ಮಾಡುವವನು. ಟವೆಲ್ ಹೆಗಲಿಗೆ ಬಂದರೆ ಬದುವಿನ ವ್ಯಾಜ್ಯದವನು. ಜಡ್ಜ್ ಸಾಹೇಬರು ಎದುರಿಗೇ ಇದ್ದಾರೇನೋ ಅನ್ನುವಂತೆ ಕಂಬಕ್ಕೆ ಕೈಮುಗಿಯುವವನು. ಅಪ್ಪ ಮೊದಲ ದಿನ ಮುಖ ಗಂಟು ಹಾಕಿಕೊಂಡು ನೋಡಿದ. ಎರಡನೇ ದಿನ ಕಾಲು ಕುಣಿಸಿದ. ನಾಲ್ಕನೇ ದಿನ ಎತ್ತಿನ ಅಳುವಿಗೆ ಎಷ್ಟು ನಕ್ಕನೆಂದರೆ ಚೊಂಬು ಕೆಳಗಿಡಬೇಕಾಯಿತು.

"ಅಂಗಲ್ಲ ಕಣ್ಲಾ ಅವ್ನು ಅಳೋದು. ಮೊದ್ಲು ಮೂಗ್ ಒರಸ್ಕತಾನೆ, ಆಮೇಲೆ ಅಳ್ತಾನೆ!"

ಅಪ್ಪ ನನಗೆ ಪಾಠ ಹೇಳಿದ್ದು ಅದೇ ಮೊದಲು. ಇನ್ನೊಂದು ದಿನ ಅವನು ಒಳಕ್ಕೆ ತಿರುಗಿ ಏನೋ ಅಂದ, ಅವ್ವ ಬಂದು ಹೊಸಿಲ ಮೇಲೆ ಕೂತಳು. ಅಂದಿನಿಂದ ದಿನಾ ಬಂದು ಕೂತಳು. ನೋಡುವವರು ಒಬ್ಬರು ಹೆಚ್ಚಾದರು ಅಂತ ನನಗೆ ಖುಷಿ.

ಇಪ್ಪತ್ತು ದಿನ ಅಪ್ಪ ಜಗಲಿ ಇಳಿಯಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ನಾನು ಗಾಡಿ ಹೊಡೆಯುವವರಿಗೆಲ್ಲ ಹೇಳಿದೆ. ದೂರದ ದುದ್ದದಿಂದ ಬರುವವರಿಗೂ ಹೇಳಿದೆ. "ಡಾಕ್ಟ್ರು ಕೈಬಿಟ್ಟಿದ್ರು ಕಣ್ರಣ್ಣ. ನನ್ ಬಾಯಿ ವಾಸಿ ಮಾಡ್ತಾ ಅದೆ." ಗಾಡಿಯವರು ತಲೆದೂಗಿದರು. ಚೀಟಿ ಬೇಕಲ್ಲ, ತಲೆದೂಗಲೇಬೇಕು.

ಆ ದಿನಗಳಲ್ಲಿ ಮಳವಳ್ಳಿಯಿಂದ ಸೋದರಮಾವ ವಾರಕ್ಕೊಮ್ಮೆ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಬರುತ್ತಿದ್ದ. ಅವ್ವನ ಮಂಡಿ ನೋವಿಗೆ ಎಣ್ಣೆ ಅಂತ ಒಂದು ಸೀಸೆ ಕೊಟ್ಟು ಹೋಗುತ್ತಿದ್ದ. ನಾನು ಅವನ ಮಸಿ ಮುಖವನ್ನೂ ಆಟಕ್ಕೆ ಸೇರಿಸಿಕೊಂಡೆ. ಸೀಸೆಯ ಕಡೆ ನೋಡಲಿಲ್ಲ.

ಅದೇ ಮಾವ ಹಿಂದೊಮ್ಮೆ ತಂದುಕೊಟ್ಟ ಕುಳ್ಳ ಟಗರೊಂದು ಹಿತ್ತಿಲಲ್ಲಿತ್ತು. ಹಣ್ಣಿನ ಸಿಪ್ಪೆಯೆಲ್ಲ ಅದರ ಪಾಲು. ಒಂದು ಸಂಜೆ ಅವ್ವ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಹೋಗಿದ್ದಳು. ಅಪ್ಪ ಅರ್ಧ ಚೊಂಬು ಉಳಿಸಿ ಮಲಗಿದ್ದ. ದಿನಾ ಚೊಂಬನ್ನು ತಕ್ಷಣ ಎತ್ತಿಕೊಂಡು ಹೋಗುತ್ತಿದ್ದವಳು ಅವ್ವ. ಅಂದು ನಾನೇ ಎತ್ತಿಕೊಂಡು ಹೋಗಿ ಉಳಿದದ್ದನ್ನು ಟಗರಿನ ಮುಂದಿನ ಬಾನಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ಟಗರು ಒರಳುಕಲ್ಲಿಗೆ ಗುದ್ದಿತು. ಹಿಂದಕ್ಕೆ ಸರಿದು, ಅಲ್ಲಿಲ್ಲದ ಎರಡನೇ ಒರಳುಕಲ್ಲಿಗೆ ಗುದ್ದಲು ಹೋಗಿ ಮುಗ್ಗರಿಸಿತು. ಆಮೇಲೆ ಅವಮಾನವಾದವರ ಹಾಗೆ ಕೂತುಬಿಟ್ಟಿತು.

ನನಗೆ ಸಿಕ್ಕಿತು ಹೊಸ ಪಾತ್ರ! ಮರುದಿನ ಸಂಜೆ ಎತ್ತು ಸತ್ತವನನ್ನು ಬದಿಗಿಟ್ಟು ಟಗರನ್ನು ಮಾಡಿದೆ. ಕೈಕಾಲು ಊರಿ ಕಂಬಕ್ಕೆ ತಲೆ ಗುದ್ದಿದೆ, ಕಣ್ಣು ಮೇಲೆ ಮಾಡಿ ಇನ್ನೊಂದು ಕಂಬ ಹುಡುಕಿದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕ. ನಗುತ್ತ ನಗುತ್ತ ಅಂದ:

"ಎಷ್ಟ್ ಉಯ್ದ್ಬುಟ್ಟೆಲಾ ಅದ್ಕೆ? ನಂಗೇ ನಿಮ್ಮವ್ವ ಚೊಂಬ್ಗೆ ಎರಡೇ ಬೆಳ್ಳಷ್ಟು ಉಯ್ಯೋದು!"

ಹೊಸಿಲ ಮೇಲಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ನಗು ನಿಲ್ಲಿಸಿದ. ನನಗೆ ಗೊತ್ತಿಲ್ಲ ಅನ್ನುವುದು ಅವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ನಾನು ನಾಲ್ಕು ಕಾಲಿನಲ್ಲೇ ಚೊಂಬಿನ ಹತ್ತಿರ ಹೋಗಿ, ಬೆರಳು ಅದ್ದಿ, ಮೊದಲ ಸಲ ಅಪ್ಪನ ಎಂಜಲು ಬಾಯಿಗಿಟ್ಟೆ. ಪರಂಗಿ, ಶುಂಠಿ, ಅದರ ಕೆಳಗೆ ಸಾರಾಯಿ. ಇಷ್ಟು ದಿನ ವಾಸನೆ ಬರಲಿಲ್ಲವೇ ಅಂತ ಕೇಳಬಹುದು. ಹಗಲೆಲ್ಲ ಕಾರ್ಖಾನೆಯ ಕಾಕಂಬಿಯ ಗಬ್ಬಿನಲ್ಲಿ ನಿಂತು ಬರುವವನ ಮೂಗು ಮೂಗಲ್ಲ, ಮುಖದ ಮೇಲಿನ ಬರಿ ಅಲಂಕಾರ.

ಒಳಗೆ ಹೋದೆ. ಅವ್ವ ಹಿಂದೆಯೇ ಬಂದಳು. ಒಲೆಯ ಪಕ್ಕದ ಗೂಡಿನಲ್ಲಿ ಮಂಡಿ ನೋವಿನ ಸೀಸೆ.

"ನೀನ್ ಕಾರ್ಖಾನೆಗೋಗಿದ್ದೆ ಕಣ್ಲಾ" ಅಂದಳು ಮೆಲ್ಲಗೆ. "ಎರಡ್ನೇ ದಿನ್ವೇ ನಿಮ್ಮಪ್ಪ ನಡುಗ್ತಾ ಬಿದ್ದಿತ್ತು. ಗೋಡೆ ಮೇಲೆ ಇಲ್ದೇ ಇರೋ ಉಳಾನೆಲ್ಲ ಒರಸ್ತಿತ್ತು. ನನ್ ಕಾಲ್ ಇಡ್ಕತ್ತು. ಅದುಕ್ಕೆ ಮಳವಳ್ಳಿಗೆ ಏಳಿ ಕಳಿಸ್ದೆ. ಮೊದ್ಲು ನಾಕು ಬೆಳ್ಳು ಉಯ್ತಿದ್ದೆ. ಆಮೇಲೆ ಮೂರು. ಈಗ ಎರಡು. ಮುಂದಿನ್ ವಾರ ಒಂದ್ ಮಾಡ್ತೀನಿ. ಅಣ್ಣಿನ್ ರಸ್ದಾಗೆ ಕಮ್ಮಿಯಾದ್ದು ಗೊತ್ತಾಗಕಿಲ್ಲ."

ಇಷ್ಟು ಕೇಳಿದ ಮಗ ಏನು ಕೇಳಬೇಕಿತ್ತು? ಅಪ್ಪನ ಹೊಟ್ಟೆಯ ಬಗ್ಗೆ ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಅಂಗಾರೆ ನನ್ ಆಟ?"

ಅವ್ವ ಮಗು ತಂದು ತೋರಿಸಿದ ಮಣ್ಣಿನ ಗೊಂಬೆಯನ್ನು ನೋಡುವಂತೆ ನನ್ನನ್ನು ನೋಡಿದಳು. "ನಿನ್ ಆಟಾನೂ ಚೆನ್ನಾಗೇ ಇತ್ತು ಕಣ್ಲಾ."

ಸೀಸೆ ತೆಗೆದು ಒಲೆಯ ಕಲ್ಲಿಗೆ ಅಪ್ಪಳಿಸಿದೆ. ಬೆಂಕಿ ಒಂದು ಸಲ ನೀಲಿಯಾಗಿ ಎದ್ದು ಕೂತಿತು.

"ಇಪ್ಪತ್ತೊರ್ಸ ಆಯ್ತು ನಾನು ಈ ಮನೆಗೆ ಬಂದು" ಅಂದಳು ಅವ್ವ, ಚೂರು ಆಯುತ್ತ. "ಇಪ್ಪತ್ತೇ ದಿನ ನಿಮ್ಮಪ್ಪ ಸಂಜೆಗೆ ಮನೇಲಿ ಕುಂತಿತ್ತು."

ಮಾವನಿಗೆ ಇನ್ನು ಈ ಕಡೆ ಬರಬೇಡ ಎಂದು ಕಾಗದ ಬರೆದೆ. ಮರುದಿನ ಸಂಜೆ ಹಟ ಹಿಡಿದು ಆಟ ಇಟ್ಟೆ. ಹಣ್ಣು ಇನ್ನಷ್ಟು ಸಣ್ಣಗೆ ಹೆಚ್ಚಿದೆ, ಕಿತ್ತಳೆಯ ಪೊರೆ ಒಂದೆಳೆಯೂ ಉಳಿಯದಂತೆ ಸುಲಿದೆ. ಅಂಗಡಿಯವನಾದೆ, ಎತ್ತು ಸತ್ತವನಾಗಿ ಮೊದಲು ಮೂಗು ಒರೆಸಿಕೊಂಡು ಆಮೇಲೆ ಅತ್ತೆ. ಅಪ್ಪ ಒಂದು ಗುಟುಕು ಕುಡಿದು ಚೊಂಬು ಕೆಳಗಿಟ್ಟ. ನೆಂಟರ ಮನೆಯಲ್ಲಿ ಕೂತವರ ಹಾಗೆ ಕೊನೆಯ ತನಕ ಮರ್ಯಾದೆಯಿಂದ ನೋಡಿದ.

"ಚೆನ್ನಾಗ್ ಮಾಡ್ತೀಯ ಕಣ್ಲಾ" ಅಂದ. ನಾನು ತಲೆಗೆ ಸುತ್ತಿಕೊಂಡಿದ್ದ ಟವೆಲನ್ನು ಬಿಚ್ಚಿ ತೆಗೆದುಕೊಂಡು ಹೆಗಲಿಗೆ ಹಾಕಿ ಹೊರಟ.

ಅಲ್ಲಿ, ನಿಜವಾದ ಅಂಗಡಿಯಲ್ಲಿ, ಅವನು ನನ್ನನ್ನು ಮಾಡಿ ತೋರಿಸುತ್ತಿದ್ದನಂತೆ. ನಾಲ್ಕು ಕಾಲಿನಲ್ಲಿ ಟಗರಾಗುವ ಗುಮಾಸ್ತ. ಎಲ್ಲರೂ ನಗುತ್ತಿದ್ದರಂತೆ. ನನಗೆ ಈ ವಿದ್ಯೆ ಯಾರಿಂದ ಬಂತು ಅನ್ನುವುದು ಹೀಗೆ ತಿಳಿಯಿತು. ಯುಗಾದಿಗೆ ಮುಂಚೆ, ಅಂಗಡಿಯ ಬೆಂಚಿನ ಮೇಲೆಯೇ ರಕ್ತ ಕಾರಿಕೊಂಡ. ಎತ್ತು ಸತ್ತವನೂ ವ್ಯಾಜ್ಯದವನೂ ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದರು. ಎತ್ತು ಸತ್ತವನು ಮೊದಲು ಮೂಗು ಒರೆಸಿಕೊಂಡ.

ಅಪ್ಪನ ಜೀವ ಉಳಿಸಲಿಕ್ಕೇ ಸೀಸೆ ಒಡೆದೆ ಅಂತ ಊರಿಗೆಲ್ಲ ಹೇಳಿದ್ದೇನೆ. ಮದ್ದೂರಿನ ಸಾಬರಿಗೂ ಹಾಗೇ ಹೇಳಿದೆ. ಅವರು ಸೀಬೆಹಣ್ಣು ಒರೆಸುತ್ತ ಕೇಳಿಸಿಕೊಂಡು "ಹ್ಞೂಂ" ಅಂದರು, ಅಷ್ಟೇ. ಇಲ್ಲಿ ಬರೆದರೆ ಯಾರೂ ತಲೆದೂಗಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಅದು ಸುಳ್ಳು. ಅಪ್ಪ ಇಪ್ಪತ್ತು ದಿನ ಕೂತದ್ದು ನನಗಾಗಿ ಅಲ್ಲ ಅಂತ ಗೊತ್ತಾಯಿತಲ್ಲ, ಅದಕ್ಕೆ ಒಡೆದೆ. ಮುಂದಿನ ವಾರ ಒಂದು ಬೆರಳಾಗುತ್ತಿತ್ತು.

ಅವ್ವ ಒಂದು ಸಲವೂ ಬೈಯಲಿಲ್ಲ. ಅಪ್ಪನ ವರ್ಷದ ಎಡೆ ಇಟ್ಟ ಮೇಲೆ ಒಂದು ಸಂಜೆ, ಇಬ್ಬರೂ ಜಗಲಿಯಲ್ಲಿದ್ದಾಗ, ಕೇಳಿದಳು:

"ನಿಮ್ಮಪ್ಪನ ದನಿ ಮಾಡ್ತೀಯಂತಲ್ಲ, ಉಡುಗ್ರು ಏಳ್ತಿದ್ರು. ಒಂದ್ಸಲ ಮಾಡ್ಲಾ."

ನಾನು ಎದ್ದು, ಹೊಸಿಲು ಹುಡುಕಿ, ಕೂಗಿದೆ: "ಏ ಇವ್ಳೇ!" ಎಷ್ಟು ಸರಿಯಾಗಿ ಬಂತೆಂದರೆ ಅವ್ವನ ಕೈ ತಾನಾಗಿ ಮುಖಕ್ಕೆ ಅಡ್ಡ ಬಂತು.

"ಅದಲ್ಲ ಕಣ್ಲಾ" ಅಂದಳು, ಕೈ ಇಳಿಸಿ. "ಆ ಇಪ್ಪತ್ತು ದಿನ ಕರೀತಿತ್ತಲ್ಲ. ‘ಕುಂತ್ಕ ಬಾಮ್ಮಿ’ ಅಂತ. ಅದು."

ಅವನು ದಿನಾ ಹಾಗೆ ಕರೆದದ್ದು ನನ್ನಿಂದ ಎರಡು ಮಾರು ದೂರದಲ್ಲಿ. ನಾನಾಗ ಪಂಚೆ ಎತ್ತಿ ಕಟ್ಟುತ್ತಿದ್ದೆ, ಟವೆಲ್ ಸುತ್ತುತ್ತಿದ್ದೆ. "ಕುಂತ್ಕ ಬಾಮ್ಮಿ" ಅಂದೆ. ಅದು ಮೇಷ್ಟ್ರ ದನಿಯಾಯಿತು. ಮತ್ತೆ ಅಂದೆ, ನನ್ನದೇ ದನಿ.

ಅವ್ವ "ಬುಡು" ಅಂದು ದೀಪ ಹಚ್ಚಲು ಒಳಗೆ ಹೋದಳು.