ಗಿಳಿಹಸಿರು ಹಾಯಿ

ನಾನು ದೋಣಿ ಬಿಡುವುದು ಎಲ್ಲಿಗೂ ಹೋಗುವುದಕ್ಕಲ್ಲ. ಇಷ್ಟು ಸಣ್ಣ ಮಾತನ್ನು ನಮ್ಮೂರಿಗೆ ಅರ್ಥ ಮಾಡಿಸಲು ನನ್ನಿಂದ ಈವರೆಗೆ ಆಗಿಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ಬೆಳ್ಳಿ ಬಟ್ಟಲುಗಳು ಮನೆಯಲ್ಲಿವೆ. ಒಂದರಲ್ಲಿ ಅಮ್ಮ ಕುಂಕುಮ ತುಂಬಿಟ್ಟಿದ್ದಾಳೆ. ನನ್ನ ವಾದವಿದ್ಯೆ ಮನೆಯ ಉಪಯೋಗಕ್ಕೆ ಬಂದದ್ದು ಅಷ್ಟೇ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಮಡೇನೂರಿನ ಅಣೆಕಟ್ಟೂ ಮುಗಿದು, ಶರಾವತಿ ನಮ್ಮ ಗದ್ದೆಯ ಅಂಚಿನವರೆಗೆ ಬಂದು ನಿಂತಳು. ಅಂದಿನಿಂದ ಮನೆಗೊಂದು ದೋಣಿ. ಕತ್ತಿ, ಹಗ್ಗ, ಬುಟ್ಟಿಗಳಂತೆ ಅದೂ ಒಂದು ಸಾಮಾನು. ಅದರಲ್ಲಿ ಕೂತು ಸಂತೋಷಪಡುವವನು ಒನಕೆ ಹಿಡಿದು ಕುಣಿದವನಿಗೆ ಸಮಾನ. ನೀರಿಗಿಳಿದರೆ ಸಾಕು, ದಡದಿಂದ ನೆರೆಮನೆಯ ಸುಬ್ಬಣ್ಣ ಕೂಗುತ್ತಾನೆ.

"ಎಲ್ಲಿಗೆ ಹೊಂಟ್ಯ ಮಾಣಿ?"

"ಎಲ್ಲಿಗೂ ಇಲ್ಲೆ. ಸುಮ್ನೆ."

"ಸುಮ್ನೆ ಹೋಪಲೆ ದೋಣಿ ಎಂತಕ್ಕೆ? ಜಗುಲಿ ಮೇಲೆ ಕೂತ್ರೆ ಸಾಲದಾ?"

ತಪ್ಪು ಸುಬ್ಬಣ್ಣನದಲ್ಲ. ನಮ್ಮ ಪುರಾಣಗಳಲ್ಲಿ ದೋಣಿ ಹತ್ತಿದವರಿಗೆಲ್ಲ ಆಚೆ ದಡದಲ್ಲಿ ಏನೋ ಕೆಲಸವಿತ್ತು. ಸಂಸಾರವನ್ನೇ ಸಾಗರವೆಂದು ಕರೆದ ಹಿರಿಯರು ಅದನ್ನು ದಾಟುವ ಉಪಾಯ ಹೇಳಿದರೇ ಹೊರತು, ನಡುವೆ ನಿಂತು ಅಲೆಯನ್ನು ನೋಡಿ ಎನ್ನಲಿಲ್ಲ. ಒಬ್ಬನಿಗೆ ಮಾತ್ರ ವಿನಾಯಿತಿ ಇದೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಗೆ ದೇವರನ್ನು ತೆಪ್ಪದಲ್ಲಿ ಕೂರಿಸಿ, ತುಂಗೆಯಲ್ಲಿ ಸುತ್ತಿಸಿ, ಹೊರಟ ದಡಕ್ಕೇ ತಂದು ಇಳಿಸುತ್ತಾರೆ. ಎಲ್ಲಿಗೆ ಹೊರಟೆ ಎಂದು ದೇವರನ್ನು ಯಾರೂ ಕೇಳುವುದಿಲ್ಲ. ಜಗುಲಿ ಮೇಲೆ ಕೂತರೆ ಸಾಲದೇ ಎನ್ನುವುದೂ ಇಲ್ಲ.

ಹಾಯಿಯ ಹುಚ್ಚು ಹಿಡಿದದ್ದು ಹೊನ್ನಾವರದಲ್ಲಿ, ಬಂಧುಗಳ ಮದುವೆಗೆ ಹೋದಾಗ. ಊಟದ ಪಂಕ್ತಿ ತಪ್ಪಿಸಿ, ಶರಾವತಿ ಕಡಲು ಸೇರುವ ಅಳಿವೆಗೆ ಹೋಗಿ ನಿಂತೆ. ಒಬ್ಬನೇ ಕೂತ ಕಿರುದೋಣಿಯೊಂದು ಹಾಯಿ ಬಿಚ್ಚಿ ಕಡಲ ಕಡೆಗೆ ಹಾರಿದಂತೆ ಹೋಯಿತು. ಅವನು ಹೋದದ್ದು ಮೀನಿಗೇ ಇರಬೇಕು. ಆದರೆ ನನಗೆ ಮೀನು ಕಾಣಲಿಲ್ಲ. ಅದೇ ಶರಾವತಿಯಲ್ಲವೇ, ನಮ್ಮೂರಲ್ಲಿ ಯಾಕಾಗಬಾರದು ಎಂದುಕೊಂಡು ಊರಿಗೆ ಬಂದು ಬಿದಿರು ಗಳ ಕಡಿದೆ. ಬಟ್ಟೆ ಮಾತ್ರ ಇರಲಿಲ್ಲ.

ಗಿರಿಜಕ್ಕ ಬಾವಿಕಟ್ಟೆಯ ಬಳಿ ನಿಂತು ನೋಡುತ್ತಿದ್ದಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಬಿಳಿ ಸೀರೆಯಲ್ಲಿ ತವರಿಗೆ ಮರಳಿದವಳು ನನ್ನ ಅಕ್ಕ.

"ತಮಾ, ಯಾವ ಬಟ್ಟೆ ಆದ್ರೂ ಆಗ್ತಾ?"

"ಗಟ್ಟಿ ಇದ್ರೆ ಆತು."

"ಯನ್ನ ಹತ್ರ ಒಂದಿದ್ದು. ಒಂದೇ ಸಲ ಉಟ್ಟಿದ್ದು, ಸವದಿದ್ದಿಲ್ಲೆ."

ಪೆಟ್ಟಿಗೆಯಿಂದ ಅವಳು ತೆಗೆದದ್ದು ಗಿಳಿಹಸಿರಿನ ಸೀರೆ, ಕುಂಕುಮ ಬಣ್ಣದ ಅಂಚು. ಗಂಡನ ಮನೆಯವರು ಮನೆ ತುಂಬಿಸಿಕೊಂಡ ದಿನ ಉಡಿಸಿದ್ದು. ಅವಳೇ ಮಡಿಚಿ, ಅವಳೇ ಹೊಲಿದಳು.

ಆಚೆ ದಡದ ನಮ್ಮ ಬೆಟ್ಟದಲ್ಲಿ, ಸಿಪ್ಪೆ ಒಣಗಿಸಿ ಅಡುಗೆಗೆ ಹುಳಿಯಾಗಿ ಬಳಸುವ ಮುರುಗಲು ಹಣ್ಣಾಗಿತ್ತು. ಹಣ್ಣು ತರುತ್ತೇವೆಂದು ಮನೆಯಲ್ಲಿ ಹೇಳಿ, ಬುಟ್ಟಿ ಹಿಡಿದು ಹೊರಟೆವು. ನಡುನೀರಿಗೆ ಬಂದಾಗ ಪಶ್ಚಿಮದ ಗಾಳಿ ಸೀರೆಯನ್ನು ತುಂಬಿತು. ದೋಣಿ ಒಂದು ಬದಿಗೆ ವಾಲಿತು. ನಾನು ಹೆದರಿ ಹುಟ್ಟು ಒತ್ತಿ ಹಿಡಿದೆ.

"ನೋಡು ತಮಾ, ಉಸ್ರು ತಗಂಡ್ತು!" ಎಂದು ಅಕ್ಕ ನಕ್ಕಳು. ಆ ನಗೆಯನ್ನು ನಾನು ಅವಳ ಮದುವೆಯ ನಂತರ ಕೇಳಿರಲಿಲ್ಲ. ದಡ ಹತ್ತಿರ ಬಂದಾಗ, "ಆಚೆ ದಡ ಬ್ಯಾಡ, ತಿರಗ್ಸು" ಎಂದಳು. ಊರಿಗೆಲ್ಲ ಹೇಳಿ ಸೋತ ಮಾತು ಅವಳಿಗೆ ಹೇಳದೆಯೇ ಗೊತ್ತಿತ್ತು. ಹುಟ್ಟನ್ನು ಅವಳ ಕೈಗೆ ಕೊಟ್ಟೆ. ನನಗಿಂತ ಚೆನ್ನಾಗಿ ನಡೆಸಿದಳೆಂದು ಹೇಳಲು ಅಸೂಯೆಯಾಗುತ್ತದೆ.

ಹಾಯಿ ಇಳಿಸಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಮನುಷ್ಯರ ಮುಖ ಮರೆತರೂ ಸೀರೆ ಮರೆಯುವುದಿಲ್ಲ. ನಮ್ಮ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಶಾರದತ್ತೆ ದೂರದಿಂದಲೇ ಕೂಗಿದಳು.

"ಅಯ್ಯಬ್ಬಾ! ಅದು ನಮ್ಮ ಗಿರಿಜನ ಮನೆ ತುಂಬ್ಸಿದ ಸೀರೆ ಅಲ್ದನೇ?"

ನಾವು ದಡ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. ಆ ಸೀರೆ ಪೆಟ್ಟಿಗೆಯಲ್ಲಿ ಕೊಳೆತಿದ್ದರೆ ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ದೀಪದ ಬತ್ತಿಗೆ ಹರಿದಿದ್ದರೂ ಇರುತ್ತಿರಲಿಲ್ಲ. ಗಾಳಿಯಲ್ಲಿ, ಬಿಸಿಲಲ್ಲಿ, ಎಲ್ಲರ ಕಣ್ಣೆದುರು ಅದು ಚಂದ ಕಂಡದ್ದೇ ಅಪರಾಧ.

ಅಪ್ಪಯ್ಯನ ಎದುರು ನಾನು ನನ್ನ ಬದುಕಿನ ಅತ್ಯುತ್ತಮ ವಾದ ಮಾಡಿದೆ. ಸೀರೆ ಉಟ್ಟದ್ದು ಅಕ್ಕನಲ್ಲ, ದೋಣಿ; ದೋಣಿಗೆ ವೈಧವ್ಯ ಉಂಟೇ? ಶಾಸ್ತ್ರದ ಯಾವ ಸಾಲು ಬಿದಿರು ಗಳಕ್ಕೆ ಬಣ್ಣ ನಿಷೇಧಿಸಿದೆ? ತೆಪ್ಪದ ದೇವರನ್ನೂ ಸಾಕ್ಷಿಗೆ ಕರೆದೆ. ಅಪ್ಪಯ್ಯ ತಾಳ್ಮೆಯಿಂದ ಕೇಳಿದರು, ಎಲೆಗೆ ಸುಣ್ಣ ಹಚ್ಚುತ್ತ.

"ನೀ ಹೇಳದೆಲ್ಲ ಸರಿ ಇದ್ದು ಮಾಣಿ. ಆದ್ರೂ ಬ್ಯಾಡ. ಗಿರಿಜ ಇನ್ನು ದೋಣಿ ಹತ್ತೂದು ಬ್ಯಾಡ."

ಗೆದ್ದವನ ಕೈಗೆ ಸೋಲು ಕೊಡುವ ಇಂಥ ಸಭೆಯನ್ನು ನಾನು ಎಲ್ಲೂ ಕಂಡಿಲ್ಲ. ಸೀರೆಯನ್ನು ಏನು ಮಾಡುವುದೆಂದು ಅಮ್ಮ ಕೇಳಿದಾಗ ಬಾಗಿಲ ಹಿಂದಿನಿಂದ ಅಕ್ಕನ ಧ್ವನಿ ಬಂತು: "ಮುರುಗಲು ಸಿಪ್ಪೆ ಒಣಗ್ಸಲೆ ಬತ್ತು." ಎಲ್ಲರಿಗೂ ಸಮಾಧಾನವಾಯಿತು. ಉಪಯೋಗಕ್ಕೆ ಬಂದ ಮೇಲೆ ಯಾವ ಬಣ್ಣಕ್ಕೂ ದೋಷವಿಲ್ಲ.

ಈಗ ಹಾಯಿ ಅಂಗಳದಲ್ಲಿದೆ, ಮುರುಗಲಿನ ಕಲೆ ಹತ್ತಿಸಿಕೊಂಡು. ಹಾರದಂತೆ ಅಮ್ಮ ನಾಲ್ಕು ಮೂಲೆಗೂ ಕಲ್ಲು ಇಡುತ್ತಾಳೆ. ಕಾಗೆ ಕಾಯುವುದು ಅಕ್ಕನ ಕೆಲಸ. ಮಧ್ಯಾಹ್ನದ ಗಾಳಿ ಏಳುವ ಹೊತ್ತಿಗೆ ಒಂದು ಮೂಲೆಯ ಕಲ್ಲು ದಿನವೂ ಪಕ್ಕಕ್ಕೆ ಸರಿದಿರುತ್ತದೆ. ಆ ಮೂಲೆ ಮೇಲೆದ್ದು, ಒಮ್ಮೆ ತುಂಬಿ, ಬೀಳುತ್ತದೆ. ನಿನ್ನೆ ಅಪ್ಪಯ್ಯ ಅದನ್ನು ಕಂಡು ನಿಂತರು.

"ಈ ಕಲ್ಲು ತೆಗದ್ದು ಯಾರು?"

"ಗಾಳಿ, ಅಪ್ಪಯ್ಯ" ಎಂದಳು ಅಕ್ಕ.

ತೆಂಗಿನಕಾಯಿ ಗಾತ್ರದ ಕಲ್ಲನ್ನು ಗಾಳಿ ಎತ್ತಿತೆಂಬ ವಾದವನ್ನು ಯಾವ ಚರ್ಚಾಕೂಟದಲ್ಲಿ ಹೇಳಿದರೂ ಜನ ನಗುತ್ತಿದ್ದರು. ಅಪ್ಪಯ್ಯ ಕಲ್ಲನ್ನು ನೋಡಿದರು, ಅಕ್ಕನನ್ನು ನೋಡಿದರು. "ಹೌದು, ಈ ವರ್ಷ ಗಾಳಿ ಜೋರಿದ್ದು" ಎಂದು ಒಳಗೆ ಹೋದರು. ಕಲ್ಲನ್ನು ಮತ್ತೆ ಇಡಲಿಲ್ಲ.

ನನ್ನ ಅಷ್ಟೂ ತರ್ಕಕ್ಕೆ ಸಿಗದದ್ದು ಅವಳ ಒಂದು ಸುಳ್ಳಿಗೆ ಸಿಕ್ಕಿತು. ನಾನು ಹೊಟ್ಟೆ ಉರಿದುಕೊಂಡು ಲೆಕ್ಕ ಹಾಕಿದೆ: ದೇಶಕ್ಕೆ ಸ್ವಾತಂತ್ರ್ಯ ಬಂದಿದೆ, ಗಿರಿಜಕ್ಕನ ಪಾಲಿಗೆ ಬಂದದ್ದು ಹಾಯಿಯ ಒಂದು ಮೂಲೆ.